ನದಿ ತಿರುಗಿಸಿದರೆ ದಿನ: ಅಕ್ಷರಪಲ್ಲಟದ ಆಟದಿಂದ ಮಕ್ಕಳು ಏನು ಕಲಿಯುತ್ತಾರೆ?

ಅಕ್ಕನ ಮಗಳು ಮೂರನೇ ಕ್ಲಾಸು. ಮೊನ್ನೆ ರಜೆಗೆ ಕೊಟ್ಟ ಹೋಂವರ್ಕ್ ಹಾಳೆ ಹಿಡಿದುಕೊಂಡು ಬಂದಳು. ಮೇಲೆ 'ಅಕ್ಷರಗಳನ್ನು ಸರಿಯಾಗಿ ಜೋಡಿಸಿ ಪದ ಬರೆಯಿರಿ' ಎಂದಿತ್ತು. ಕೆಳಗೆ ಹತ್ತು ಡಬ್ಬಿಗಳು. ಮೊದಲ ಡಬ್ಬಿಯಲ್ಲಿ ಒಂದು ಕ, ಒಂದು ಸ, ಒಂದು ತ, ಒಂದು ಪ ಇದ್ದವು. ಅವುಗಳ ನಡುವೆ ಒಂದು ಕೊಂಬು, ಯಾವ ಅಕ್ಷರಕ್ಕೂ ಅಂಟದೆ, ಚುಕ್ಕಿಗಳ ಸಣ್ಣ ವೃತ್ತದ ಪಕ್ಕ ಒಂಟಿಯಾಗಿ ನೇತಾಡುತ್ತಿತ್ತು.

"ಮಾಮ, ಇದ್ಯಾವ ಅಕ್ಷರ?"

ಉತ್ತರ 'ಪುಸ್ತಕ'. ಅದನ್ನು ಕಂಡುಹಿಡಿಯಲು ನನಗೇ ಒಂದು ನಿಮಿಷ ಬೇಕಾಯಿತು. ಹಾಳೆ ಮಾಡಿದವರು ಇಂಗ್ಲಿಷಿಗೆಂದು ಮಾಡಿದ ಯಾವುದೋ ಉಚಿತ ಸಾಧನಕ್ಕೆ ಕನ್ನಡ ಪದ ಹಾಕಿ 'ಕಲಸು' ಎಂದಿರಬೇಕು. ಕನ್ನಡದ ಮಗುವಿಗೆ ಪುಸ್ತಕ ಅಂದರೆ ಪು, ಸ್ತ, ಕ. ಮೂರೇ ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಅದು ಆರು: ಪ, ಕೊಂಬು, ಸ, ಒತ್ತು ಬರಿಸುವ ಒಂದು ಗುರುತು, ತ, ಕ. ಯಂತ್ರ ಆ ಆರನ್ನೂ ಕಲಸಿ ಕೊಟ್ಟಿದೆ.

ಇಂಥ ಹಾಳೆಗಳು ಈಗ ವಾಟ್ಸಾಪಿನಲ್ಲಿ ಜಾಸ್ತಿ ಓಡಾಡುತ್ತಿವೆ. 'ಮಕ್ಕಳ ಪದಸಂಪತ್ತು ಬೆಳೆಯುತ್ತದೆ, ಸ್ಪೆಲಿಂಗ್ ಸುಧಾರಿಸುತ್ತದೆ' ಎಂಬ ಮಾತು ಜೊತೆಗೇ ಬರುತ್ತದೆ. ಇದು ನಿಜವಾ? ಒಂದು ಮಟ್ಟಿಗೆ ನಿಜ. ಆದರೆ ಯಾವುದನ್ನು ಕಲಸಿದರೆ ಏನು ಸುಧಾರಿಸುತ್ತದೆ ಅನ್ನುವುದು ಕನ್ನಡದಲ್ಲಿ ಇಂಗ್ಲಿಷಿನ ಹಾಗಿಲ್ಲ.

## ಅಕ್ಷರಪಲ್ಲಟ ಅಂದರೆ

ಒಂದು ಪದದ ಅಕ್ಷರಗಳನ್ನೇ ಜಾಗ ಬದಲಿಸಿ ಇನ್ನೊಂದು ಪದ ಮಾಡುವುದು. ಹೊಸ ಅಕ್ಷರ ಸೇರಿಸಬಾರದು, ಇದ್ದದ್ದನ್ನು ಬಿಡಬಾರದು. ಇಂಗ್ಲಿಷಿನಲ್ಲಿ ಇದಕ್ಕೆ ಅನಾಗ್ರಾಂ ಎನ್ನುತ್ತಾರೆ. ಪಲ್ಲಟ ಅಂದರೆ ಜಾಗ ಬದಲಾಗುವುದು, ಅಷ್ಟೇ.

ನದಿ ತಿರುಗಿಸಿದರೆ ದಿನ. ಕಪಿ ತಿರುಗಿಸಿದರೆ ಪಿಕ, ಅಂದರೆ ಮಂಗ ಹೋಗಿ ಕೋಗಿಲೆ ಬಂತು. ಗಜ–ಜಗ, ಸದಾ–ದಾಸ, ರಥ–ಥರ. ಮೂರಕ್ಷರದಲ್ಲಿ ಗಮನ–ಮಗನ, ಮನನ–ನಮನ, ಮನಸು–ಸುಮನ. ನಮಗೆಲ್ಲ ಗೊತ್ತಿರುವ ಹಳೆಯ ಪಲ್ಲಟ ಒಂದಿದೆ. ಬೇಡನಾಗಿದ್ದ ವಾಲ್ಮೀಕಿ 'ಮರಾ ಮರಾ' ಎನ್ನುತ್ತಾ ಕೂತ, ಅದೇ 'ರಾಮ ರಾಮ' ಆಯಿತು ಅನ್ನುವ ಕತೆ.

ಶಾಲೆಯ ಹಾಳೆಯಲ್ಲಿ ಬರುವುದು ಇದರ ತಮ್ಮ. ಅಲ್ಲಿ ಒಂದು ಪದದಿಂದ ಇನ್ನೊಂದು ಪದ ಮಾಡಬೇಕಿಲ್ಲ. ಚೆಲ್ಲಾಪಿಲ್ಲಿ ಅಕ್ಷರಗಳಿಂದ ಅಡಗಿರುವ ಒಂದು ಪದವನ್ನು ಹುಡುಕಬೇಕು. ಎರಡಕ್ಕೂ ತಲೆ ಓಡಿಸುವ ಕ್ರಮ ಒಂದೇ.

## ಇಂಗ್ಲಿಷಿನ ಆಟ ಕನ್ನಡಕ್ಕೆ ಏಕೆ ಹಾಗೇ ಬರುವುದಿಲ್ಲ

ಇಂಗ್ಲಿಷಿನಲ್ಲಿ 26 ಅಕ್ಷರ. ಇ, ಎ, ಟಿ ಎಂಬ ಮೂರನ್ನು ಕೊಡಿ. ಒಂದು ಸಾಲಿಗೆ ಇಟ್ಟರೆ ಈಟ್, ಇನ್ನೊಂದಕ್ಕೆ ಟೀ, ಮತ್ತೊಂದಕ್ಕೆ ಏಟ್. ಅಲ್ಲಿ ಅಕ್ಷರದ ಸಾಲು ಅಂದರೇ ಸ್ಪೆಲಿಂಗ್. ಕಿವಿಗೆ ಬಿದ್ದ ಸದ್ದಿನಿಂದ ಸಾಲು ಪೂರ್ತಿ ಗೊತ್ತಾಗುವುದಿಲ್ಲ, ನೆನಪಿಡಬೇಕು. ಹಾಗಾಗಿ ಅಕ್ಷರಗಳನ್ನು ಕಲಸಿ ಜೋಡಿಸುವ ಆಟ ನೇರವಾಗಿ ಸ್ಪೆಲಿಂಗ್ ಅಭ್ಯಾಸವೇ ಆಗುತ್ತದೆ.

ಕನ್ನಡದ ಮಗು ಎಲ್ಲಿ ತಪ್ಪು ಮಾಡುತ್ತದೆ ನೋಡಿ. 'ನದಿ' ಬರೆಯುವಾಗ ಯಾವ ಮಗುವೂ 'ದಿನ' ಎಂದು ಬರೆಯುವುದಿಲ್ಲ. ಕೇಳಿದ ಸಾಲಿನಲ್ಲೇ ಬರೆಯುತ್ತದೆ. ತಪ್ಪುವುದು ಅಕ್ಷರದ ಒಳಗೆ. ದೀರ್ಘ ಬಿಟ್ಟುಹೋಗುತ್ತದೆ. ಒತ್ತು ಮರೆತುಹೋಗುತ್ತದೆ, ಕತ್ತೆ ಹೋಗಿ ಕತೆ ಆಗುತ್ತದೆ. ಲ, ಳ ಅದಲುಬದಲಾಗಿ ಹಳ್ಳಿಯಲ್ಲಿ ಇರಬೇಕಾದ ಅಜ್ಜಿ ಹಲ್ಲಿಯಲ್ಲಿ ಇರುತ್ತಾಳೆ. ಹ ಜಾರಿ ಹಕ್ಕಿ ಹೋಗಿ ಅಕ್ಕಿ ಬರುತ್ತದೆ. ನಾವು ಸ್ಪೆಲಿಂಗಿಗೆ 'ಕಾಗುಣಿತ' ಅನ್ನುವುದು ಸುಮ್ನೆ ಅಲ್ಲ. ಕ, ಕಾ, ಕಿ, ಕೀ ಎಂಬ ಆ ಸಾಲೇ ನಮ್ಮ ಸ್ಪೆಲಿಂಗಿನ ಮುಕ್ಕಾಲು ಭಾಗ.

ಶಾಲೆಯಲ್ಲಿ ಕಲಿಸುವ ವರ್ಣಮಾಲೆಯಲ್ಲಿ 49 ಅಕ್ಷರ: 13 ಸ್ವರ, 2 ಯೋಗವಾಹ, 34 ವ್ಯಂಜನ. ಒಂದೊಂದು ವ್ಯಂಜನಕ್ಕೂ ಗುಣಿತದಲ್ಲಿ 15 ರೂಪ. 34ನ್ನು 15ರಿಂದ ಗುಣಿಸಿದರೆ 510. ಒತ್ತಕ್ಷರ ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಭಾರ ಕಾಣುತ್ತದೆ. ಅಕ್ಷರ ಕಲಿಕೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ, ನಾಲ್ಕನೇ ತರಗತಿವರೆಗೂ ನಡೆದೇ ಇರುತ್ತದೆ. ಅಕ್ಷರದೊಳಗಿನ ಬಿಡಿ ಸದ್ದು ಮಕ್ಕಳ ಗಮನಕ್ಕೆ ಬರುವುದಂತೂ ಇನ್ನೂ ನಿಧಾನ. ಮೂರನೇ ಕ್ಲಾಸಿನ ಮಗು ದೀರ್ಘ ಬಿಟ್ಟರೆ 'ಇನ್ನೂ ಬರಲ್ವಾ ನಿನಗೆ' ಎಂದು ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳಬಹುದು.

ಹಾಗಾಗಿ ಕನ್ನಡದಲ್ಲಿ ಈ ಆಟಕ್ಕೆ ಎರಡು ಮಜಲು. ಅಕ್ಷರವನ್ನು ಒಡೆಯದೆ ಇಡಿಯಾಗಿ ಜಾಗ ಬದಲಿಸಿದರೆ ಅದು ಪದಗಳ ಆಟ. ಅಕ್ಷರವನ್ನೂ ಅದರ ಗುಣಿತವನ್ನೂ ಬೇರೆ ಮಾಡಿ ಕೊಟ್ಟರೆ ಅದು ಕಾಗುಣಿತದ ಆಟ.

## ಇಡೀ ಅಕ್ಷರದ ಆಟ: ಪದ ಬೆಳೆಸಲು

ಇದಕ್ಕೆ ಗುಣಿತ ಬರಲೇಬೇಕು ಎಂದೇನಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಇದಕ್ಕೆ ಒಳ್ಳೆಯ ಉದಾಹರಣೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿಯಲ್ಲಿ ಅಕ್ಷರಗಳನ್ನು ಅ, ಆ, ಇ, ಈ ಎಂಬ ಸಾಲಿನಲ್ಲಿ ಕಲಿಸುವುದಿಲ್ಲ. ಮೊದಲ ಗುಂಪೇ ರ, ಗ, ಸ, ದ, ಅ. ಮುಂದಿನದು ಜ, ವ, ಮ, ಬ, ನ.

ಮೊದಲು ಕೇಳಿದಾಗ ಇದೇನು ಕ್ರಮವೇ ಇಲ್ವಲ್ಲ ಅನಿಸುತ್ತದೆ. ಆದರೆ ಮೊದಲ ಐದೇ ಅಕ್ಷರದಲ್ಲಿ ಏನೇನು ಆಗುತ್ತದೆ ನೋಡಿ: ಸರ, ರಸ, ದರ, ಅರಸ, ಅಗಸ, ಗರಗಸ. ದ, ಸ, ರ ಮೂರನ್ನು ಒಂದು ಸಾಲಿಗೆ ಇಟ್ಟರೆ ದಸರ, ಇನ್ನೊಂದಕ್ಕೆ ಸರದ. ಶಾಲೆಗೆ ಸೇರಿದ ಕೆಲವೇ ವಾರದಲ್ಲಿ ಮಗು ಪದ ಓದುತ್ತದೆ. ವರ್ಣಮಾಲೆಯ ಸಾಲಿನಲ್ಲಿ ಹೋದರೆ ಮೊದಲ ಐದು ಅಕ್ಷರ ಅ, ಆ, ಇ, ಈ, ಉ. ಅದರಿಂದ ಜೋಡಿಸಲು ಒಂದು ಪದವೂ ಸಿಗುವುದಿಲ್ಲ. ಎರಡನೇ ಗುಂಪು ಸೇರಿದರೆ ವನ–ನವ, ವರ–ರವ, ಗಜ–ಜಗ, ಗಮನ–ಮಗನ ಎಲ್ಲವೂ ಬರುತ್ತವೆ. ಎಲ್ಲವೂ ಗುಣಿತವಿಲ್ಲದ ಪದಗಳೇ.

ಎಷ್ಟು ಅಕ್ಷರ ಕೊಡಬೇಕು? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಎರಡು ಅಕ್ಷರವನ್ನು 2 ಬಗೆಯಲ್ಲಿ ಜೋಡಿಸಬಹುದು. ಮೂರಾದರೆ 6. ನಾಲ್ಕಾದರೆ 24. ಐದಾದರೆ 120. ಒಂದೊಂದೇ ಅಕ್ಷರ ಜಾಸ್ತಿ ಆದಂತೆ ಕಾಣುತ್ತದೆ, ಆದರೆ ಕಷ್ಟ ಹಾಗೆ ಒಂದೊಂದೇ ಮೆಟ್ಟಿಲು ಏರುವುದಿಲ್ಲ. ಎರಡನೇ ತರಗತಿಗೆ ಮೂರು ಅಕ್ಷರ ಸಾಕು. ಒಂದೇ ಅಕ್ಷರ ಎರಡು ಸಲ ಬಂದರೆ ಕಷ್ಟ ಅರ್ಧಕ್ಕೆ ಇಳಿಯುತ್ತದೆ. 'ಕರ್ನಾಟಕ' ಪದಕ್ಕೆ ಕ, ರ್ನಾ, ಟ, ಕ ಎಂಬ ನಾಲ್ಕು ಚೀಟಿ. ಆದರೆ ಎರಡು ಕ ಇರುವುದರಿಂದ ಬಗೆಗಳು 12 ಮಾತ್ರ.

## ಮಗು ಹೇಗೆ ಬಿಡಿಸುತ್ತದೆ

ಎಲ್ಲ ಬಗೆಗಳನ್ನೂ ಒಂದೊಂದಾಗಿ ಜೋಡಿಸಿ ನೋಡಿ ಯಾರೂ ಬಿಡಿಸುವುದಿಲ್ಲ. ಭಾಷೆಯ ಅಂದಾಜು ಕೈಹಿಡಿಯುತ್ತದೆ. ಆ ಅಂದಾಜು ಗಟ್ಟಿಯಾಗುವುದೇ ಆಟದ ದೊಡ್ಡ ಲಾಭ ಎಂದು ನನಗೆ ಅನಿಸುತ್ತದೆ.

ಗೆ, ಲ್ಲಿ, ಮ. ಮೂರು ಚೀಟಿ, 6 ಬಗೆ. ಕನ್ನಡದ ಪದ 'ಲ್ಲಿ' ಎಂಬ ಒತ್ತಕ್ಷರದಿಂದ ಶುರುವಾಗುವುದಿಲ್ಲ. ಎರಡು ಬಗೆ ಅಲ್ಲೇ ಹೋದವು. ಉಳಿದದ್ದು ಮಲ್ಲಿಗೆ, ಮಗೆಲ್ಲಿ, ಗೆಮಲ್ಲಿ, ಗೆಲ್ಲಿಮ. 'ಗೆ' ಕೊನೆಗೆ ಬಂದರೆ ಚೆನ್ನ ಅನ್ನುವುದು ಮಗುವಿನ ಕಿವಿಗೆ ಗೊತ್ತು: ಹಲಗೆ, ಬೇಸಿಗೆ, ದೀವಳಿಗೆ. ಈಗ ಉಳಿಯುವುದು ಒಂದೇ.

ಇನ್ನೊಂದು: ಲು, ಅ, ಳಿ. ಅ, ಆ, ಇ ಥರದ ಬಿಡಿ ಸ್ವರ ಕನ್ನಡ ಪದದಲ್ಲಿ ಸಾಮಾನ್ಯವಾಗಿ ಮೊದಲೇ ಕೂರುತ್ತದೆ, ನಡುವೆ ಬರುವುದಿಲ್ಲ. ಅ ಮೊದಲಿಗೆ ಹೋಯಿತು. ಉಳಿದ ಎರಡರಲ್ಲಿ ಅಳಿಲು ಸಿಕ್ಕಿಬಿಡುತ್ತದೆ. ಳ, ಣ ಪದದ ಮೊದಲಿಗೆ ಬರುವುದಿಲ್ಲ ಎಂಬುದೂ ಇಂಥದ್ದೇ ಸುಳಿವು. ಇದನ್ನೆಲ್ಲ ವ್ಯಾಕರಣದ ಪಾಠ ಎಂದು ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಚೀಟಿ ಕೈಗೆ ಕೊಟ್ಟರೆ ಹತ್ತು ಪದದೊಳಗೆ ತಾವೇ ಹೇಳುತ್ತಾರೆ: "ಅ ಇದ್ರೆ ಮೊದ್ಲು ಅದನ್ನೇ ಇಡ್ಬೇಕು."

ಒಂದು ಎಚ್ಚರ. ಆನೆ, ಇಲಿ, ಊಟದಂಥ ಪದಗಳನ್ನು ಎರಡು ಚೀಟಿ ಮಾಡಿ ಕೊಟ್ಟರೆ ಅದು ಒಗಟೇ ಅಲ್ಲ, ಸ್ವರವೇ ಉತ್ತರ ಹೇಳಿಬಿಡುತ್ತದೆ. ತೀರಾ ಸಣ್ಣವರಿಗೆ ಧೈರ್ಯ ತುಂಬಲು ಪರವಾಗಿಲ್ಲ.

## ಅಕ್ಷರ ಒಡೆಯುವ ಆಟ: ಕಾಗುಣಿತಕ್ಕೆ

ಈಗ ನಿಜವಾದ ಮಜಾ. ಹಳೆಯ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿಕೊಳ್ಳಿ. ಕಾಗದ ದಪ್ಪ ಇರುತ್ತದೆ, ಹಿಂದೆ ಖಾಲಿ ಇರುತ್ತದೆ. ಕಪ್ಪು ಬಣ್ಣದಲ್ಲಿ ದ, ನ ಎಂದು ಎರಡು ಚೀಟಿ. ಕೆಂಪು ಬಣ್ಣದಲ್ಲಿ ಇನ್ನೊಂದು ಚೀಟಿ, ಅದರ ಮೇಲೆ 'ಗುಡಿಸು' ಎಂದು ಬರೆಯಿರಿ. 'ಕ ಇಳಿ ಕಾ, ಕ ಗುಡಿಸು ಕಿ' ಎಂದು ರಾಗವಾಗಿ ಹೇಳಿ ಕಲಿತ ಮಗುವಿಗೆ ಆ ಹೆಸರು ಗೊತ್ತು.

ಗುಡಿಸನ್ನು ಎರಡರಲ್ಲಿ ಒಂದಕ್ಕೆ ಕೊಡಬೇಕು. ಬಗೆಗಳು ನಾಲ್ಕೇ: ದಿನ, ದನಿ, ನದಿ, ನಿದ. ಮೂರು ಪದ ಸಿಕ್ಕಿತು, ಒಂದಕ್ಕೆ ಅರ್ಥವಿಲ್ಲ. ಈಗ ಗುಡಿಸು ತೆಗೆದು 'ಇಳಿ' ಇಡಿ. ದಾನ, ನಾದ. ಇಳಿಯನ್ನೂ ತೆಗೆಯಿರಿ. ದನ, ನದ. ಎರಡು ವ್ಯಂಜನ, ಎರಡು ಗುರುತು, ಏಳು ಪದ. ಮ, ರ ಜೊತೆ ಒಂದು ಇಳಿ ಕೊಟ್ಟರೆ ರಾಮ, ರಮಾ, ಮಾರ. ವಾಲ್ಮೀಕಿಯ 'ಮರಾ' ಕೂಡ ಇಲ್ಲೇ ಇದೆ. ಕ, ಲ ಜೊತೆ ಇಳಿ ಕೊಟ್ಟರೆ ಕಾಲ, ಕಲಾ.

ಇಲ್ಲಿ ಏನಾಯಿತು? ದೀರ್ಘ ಅನ್ನುವುದು ಅಕ್ಷರದ ಪಕ್ಕದ ಅಲಂಕಾರ ಅಲ್ಲ, ಅದು ಎಲ್ಲಿ ಕೂರುತ್ತದೋ ಅದರ ಮೇಲೆ ಅರ್ಥವೇ ಬದಲಾಗುತ್ತದೆ ಎಂದು ಮಗು ಕೈಯಾರೆ ನೋಡಿತು. 'ದಾನ ಬರೆಯುವಾಗ ಇಳಿ ಮರೀಬೇಡ' ಎಂದು ನೂರು ಸಲ ಹೇಳುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ.

ಒತ್ತಿಗೆ ಈ ಆಟ ಇನ್ನೂ ಚೆನ್ನಾಗಿ ಒದಗುತ್ತದೆ. ಕ, ತ, ಎತ್ವ, ತ-ಒತ್ತು. ನಾಲ್ಕು ಚೀಟಿ, ಸುಳಿವು 'ಒಂದು ಪ್ರಾಣಿ'. ನಮ್ಮ ಹುಡುಗಿ ಮೊದಲು ಕ ಇಟ್ಟಳು, ತ ಇಟ್ಟಳು, ಎತ್ವ ಸೇರಿಸಿದಳು. "ಕತ್ತೆ" ಎಂದು ಜೋರಾಗಿ ಓದಿದಳು. ಅಲ್ಲಿ ಇದ್ದದ್ದು 'ಕತೆ'. ಕೈಯಲ್ಲಿ ಒಂದು ಚೀಟಿ ಮಿಕ್ಕಿತ್ತು. ಅದನ್ನು ನೋಡಿದಳು, ನನ್ನ ಮುಖ ನೋಡಿದಳು, ತೆಗೆದುಕೊಂಡು ತ ಕೆಳಗೆ ಇಟ್ಟಳು. ನಾನು ಬಾಯಿ ಬಿಡಬೇಕಾಗಲಿಲ್ಲ.

ಉಕ್ತಲೇಖನದಲ್ಲಿ ಒತ್ತು ಬಿಟ್ಟರೆ ಬಿಟ್ಟಿದ್ದು ಮಗುವಿಗೆ ಗೊತ್ತಾಗುವುದಿಲ್ಲ. ಟೀಚರು ಕೆಂಪು ಗೆರೆ ಎಳೆದ ಮೇಲೆ, ಅದೂ ಮಾರನೇ ದಿನ, ಗೊತ್ತಾಗುತ್ತದೆ. ಇಲ್ಲಿ ಮಿಕ್ಕ ಚೀಟಿಯೇ ತಪ್ಪು ತೋರಿಸುತ್ತದೆ, ಅದೂ ಆ ಕ್ಷಣದಲ್ಲೇ. ತ, ನ, ಮ, ಯ, ರ, ಲ ಇವುಗಳ ಒತ್ತಿನ ರೂಪ ಮೂಲ ಅಕ್ಷರದ ಹಾಗಿರುವುದಿಲ್ಲ. ಹಾಗಾಗಿ ಚೀಟಿಯ ಮೇಲೆ 'ತ-ಒತ್ತು' ಎಂಬ ಹೆಸರಿಟ್ಟು, ಜೋಡಿಸಿದ ಮೇಲೆ ಪಕ್ಕದ ಹಾಳೆಯಲ್ಲಿ ಪೂರ್ತಿ ಪದ ಬರೆಸುವುದು ಒಳ್ಳೆಯದು.

ಅಂದ ಹಾಗೆ, ಹೋಂವರ್ಕ್ ಹಾಳೆಯ ಯಂತ್ರವೂ ಅಕ್ಷರ ಒಡೆದೇ ಕೊಟ್ಟಿತ್ತಲ್ಲ, ಅದೇನು ತಪ್ಪು? ಗೊತ್ತಿಲ್ಲದೆ ಒಡೆದಿತ್ತು. ಒತ್ತು ಬರಿಸುವ ಆ ಗುರುತು ಕಂಪ್ಯೂಟರಿಗೆ ಬೇಕಾದದ್ದು, 'ಪುಸ್ತಕ' ಎಂದು ಬರೆಯುವಾಗ ಮಗುವಿಗೆ ಅದು ಕಾಣುವುದೇ ಇಲ್ಲ. ಮಗುವಿಗೆ ಹೆಸರು ಗೊತ್ತಿರುವ ತುಂಡುಗಳಾಗಿ ಒಡೆದರೆ ಮಾತ್ರ ಅದು ಆಟ.

## ಹುಡುಕಿದ ಪದ ಏಕೆ ನೆನಪಿರುತ್ತದೆ

1978ರಲ್ಲಿ ನಾರ್ಮನ್ ಸ್ಲಾಮೆಕಾ ಮತ್ತು ಪೀಟರ್ ಗ್ರಾಫ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಕೆಲವರಿಗೆ ಎರಡು ಪದ ಜೊತೆಯಾಗಿ ಓದಲು ಕೊಟ್ಟರು. ಇನ್ನು ಕೆಲವರಿಗೆ ಒಂದು ಪದ ಕೊಟ್ಟು, ಇನ್ನೊಂದರ ಮೊದಲ ಅಕ್ಷರ ಮಾತ್ರ ತೋರಿಸಿ ಉಳಿದದ್ದನ್ನು ಅವರೇ ತುಂಬುವಂತೆ ಮಾಡಿದರು. ತಾವೇ ತುಂಬಿದ ಪದಗಳು ಓದಿದ ಪದಗಳಿಗಿಂತ ಚೆನ್ನಾಗಿ ನೆನಪಿದ್ದವು. ಅಲ್ಲಿ ಇದ್ದವರು ದೊಡ್ಡವರು, ಕೊಟ್ಟದ್ದು ಪಲ್ಲಟವೂ ಅಲ್ಲ. ಆದರೂ ತತ್ತ್ವ ಇಲ್ಲಿಗೆ ಹೊಂದುತ್ತದೆ. ಅಡುಗೆಮನೆಯಲ್ಲಿ ನೀವೇ ಹುಡುಕಿ ತೆಗೆದ ಜೀರಿಗೆ ಡಬ್ಬಿ ಎಲ್ಲಿತ್ತು ಎಂದು ನೆನಪಿರುತ್ತದೆ, ಯಾರೋ ಕೈಗೆ ಕೊಟ್ಟದ್ದು ಇರುವುದಿಲ್ಲ, ಅಲ್ವಾ?

ಇದರ ಇನ್ನೊಂದು ಮಗ್ಗುಲೂ ಇದೆ. 1990ರಲ್ಲಿ ಲ್ಯಾರಿ ಜಾಕೋಬಿ ಮತ್ತು ಆನ್ ಹಾಲಿಂಗ್ಸ್‌ಹೆಡ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಪ್ಪು ಸ್ಪೆಲಿಂಗ್ ಓದಿದವರು ಆಮೇಲೆ ಅದೇ ಪದಗಳನ್ನು ಬರೆಯುವಾಗ ಜಾಸ್ತಿ ತಪ್ಪು ಮಾಡಿದರು. ಕಣ್ಣಿಗೆ ಬಿದ್ದದ್ದು ಕೈಗೂ ಬರುತ್ತದೆ. ಹಾಗಾಗಿ ಕಲಸಿದ ಪದವನ್ನು ಸಾಲಾಗಿ, ನಿಜವಾದ ಪದದ ಹಾಗೆ ಅಚ್ಚು ಮಾಡಿ ಕೊಡುವುದಕ್ಕಿಂತ ಬಿಡಿ ಚೀಟಿ ವಾಸಿ. ಹಾಳೆಯೇ ಗತಿ ಅಂದರೆ ಅಕ್ಷರಗಳನ್ನು ಒಂದು ವೃತ್ತದ ಸುತ್ತ ಬರೆಯಿರಿ. ಕೊನೆಗೆ ಮಗು ನೋಡುವುದು, ಬರೆಯುವುದು ಸರಿಯಾದ ಪದವೇ ಆಗಿರಬೇಕು.

## ಈ ಆಟದಿಂದ ಆಗದ ಕೆಲಸ

ಗೊತ್ತಿಲ್ಲದ ಪದವನ್ನು ಪಲ್ಲಟದಿಂದ ಕಲಿಯಲು ಆಗುವುದಿಲ್ಲ. ದ, ವ, ಸ ಕೊಟ್ಟರೆ ಹಳ್ಳಿಯ ಮಗು 'ದವಸ' ಎನ್ನಬಹುದು. ಆ ಪದವನ್ನೇ ಕೇಳದ ಮಗು ಸಂಜೆವರೆಗೆ ಕೂತರೂ ಎನ್ನುವುದಿಲ್ಲ. ಜಾಣತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊದಲು ಕತೆಯಲ್ಲೋ ಮಾತಿನಲ್ಲೋ ಪದ ಬರಬೇಕು. ಎರಡು ದಿನ ಬಿಟ್ಟು ಚೀಟಿಯಾಗಿ ಬರಬೇಕು. ಸಿಕ್ಕ ಮೇಲೆ ಒಂದು ವಾಕ್ಯದಲ್ಲಿ ಬಳಸಿಸಬೇಕು. ಕಪಿಯಿಂದ ಪಿಕ ಮಾಡಿ 'ಹಾಗಂದ್ರೇನು' ಎಂದು ಗೊತ್ತಿಲ್ಲದಿದ್ದರೆ ಬರೀ ಕೈಚಳಕ.

ಗಡಿಯಾರ ಇಟ್ಟು ಪೈಪೋಟಿ ಮಾಡುವುದೂ ಬೇಡ. ಓದಿನಲ್ಲಿ ತೊಡಕು ಇರುವ ಮಕ್ಕಳಿಗೆ, ಡಿಸ್ಲೆಕ್ಸಿಯಾ ಇರುವವರಿಗೆ, ಅಕ್ಷರಗಳನ್ನು ಗುರುತಿಸಿ ಸಾಲಿಗೆ ತರುವುದೇ ಕಷ್ಟವಾಗಬಹುದು. ಅವರಿಗೆ ಮೊದಲ ಅಕ್ಷರ ನೀವೇ ಇಟ್ಟುಕೊಡಿ, ಪಕ್ಕದಲ್ಲಿ ಒಂದು ಚಿತ್ರ ಇಡಿ.

## ಒಂದು ದೊಡ್ಡ ಪದ, ಇಡೀ ಸಂಜೆ

ಮೂರು, ನಾಲ್ಕನೇ ತರಗತಿಯವರಿಗೆ ನನಗೆ ಇಷ್ಟವಾದ ಆಟ ಇದು. ಒಂದು ಉದ್ದದ ಪದ ಕೊಟ್ಟು ಅದರೊಳಗಿನ ಸಣ್ಣ ಪದಗಳನ್ನು ಹೆಕ್ಕಿಸುವುದು. ಇಲ್ಲಿ ಎಲ್ಲ ಅಕ್ಷರವನ್ನೂ ಬಳಸಬೇಕಿಲ್ಲ. ಊರಿನ ಹೆಸರುಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ.

ನಾವು ತೆಗೆದುಕೊಂಡದ್ದು ಚಾಮರಾಜನಗರ. ಚಾ, ಮ, ರಾ, ಜ, ನ, ಗ, ರ. ಏಳು ಚೀಟಿ. ಮೊದಲ ಎರಡು ನಿಮಿಷದಲ್ಲಿ ಹೆಸರಿನಲ್ಲೇ ಸಾಲಾಗಿ ಕಾಣುವ ರಾಜ, ಜನ, ನಗರ ಬಂದವು. ಆಮೇಲೆ ಚೀಟಿಗಳನ್ನು ಕಲಸಿದೆವು. ಮರ, ಮಗ, ನಗ, ನರ, ರಾಮ, ರಾಗ, ಗಜ, ಜಗ. ಸ್ವಲ್ಪ ಹೊತ್ತು ನಿಂತು ಜನರ, ಮಗನ, ಗಮನ. 'ಚಾಮರ' ನಾನು ಹೇಳಿಕೊಟ್ಟೆ, ದೇವರಿಗೆ ಬೀಸುವುದು ಎಂದೆ. "ಓ, ದೇವಸ್ಥಾನದಲ್ಲಿ ಬಿಳಿ ಕೂದಲಿನ ಪೊರಕೆ ಥರ ಇರತ್ತಲ್ಲ ಅದಾ?" ಎಂದಳು. ಒಂದು ಹೊಸ ಪದ ಜಮಾ.

ಕೊನೆಗೆ ಜೋರಾಗಿ ಕೂಗಿದಳು: "ಗಜರಾಜ!"

ಗ ಇಟ್ಟಳು. ಜ ಇಟ್ಟಳು. ರಾ ಇಟ್ಟಳು. ಇನ್ನೊಂದು ಜ ಹುಡುಕುತ್ತಾ ಚಾಪೆ ಎತ್ತಿ ಕೆಳಗೆಲ್ಲ ನೋಡಿದಳು.